ಶ್ವೇತಾ ಮಿಸ್ಸಿನ ಗಂಟಲು

ಆಟೋದಲ್ಲಿ ಮೂವರೂ ಕೂತಾದ ಮೇಲೆ ಅಕ್ಕಿಯ ಡಬ್ಬಿಗೆ ಜಾಗ ಉಳಿಯಲಿಲ್ಲ. ಮರಿಯಮ್ಮ ಅದನ್ನು ಸೊಸೆಯ ತೊಡೆಯ ಮೇಲಿಟ್ಟು, ‘ಅಲ್ಲಾಡಿಸ್ಬೇಡ, ಮುಚ್ಚಳ ಸಡ್ಲ ಅದೆ’ ಎಂದರು. ಶ್ವೇತ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಎಂ.ಎ., ಬಿ.ಎಡ್. ಮಾಡಿ ಕತ್ರಿಗುಪ್ಪೆಯ ಅರ್ಧ ಮಕ್ಕಳನ್ನು ದಡ ಹತ್ತಿಸಿದವಳು ಶನಿವಾರ ಬೆಳಿಗ್ಗೆ ಹೀಗೆ ಅಕ್ಕಿ ಕಾಯುತ್ತ ಹನುಮಂತನಗರದ ಗುಡ್ಡದ ದೇವಸ್ಥಾನಕ್ಕೆ ಹೊರಟಿದ್ದು ಮಗಳಿಗೆ ಅಕ್ಷರಾಭ್ಯಾಸ ಮಾಡಿಸುವುದಕ್ಕೆ. ಮಗಳಿಗೆ ಹದಿನೈದು ವರ್ಷ. ಮೂರು ವರ್ಷಕ್ಕೇ ಆಗಬೇಕಿತ್ತು. ಆ ವಾರವೇ ಮಾವ ಚಿಕ್ಕಬೈರಪ್ಪ ತೀರಿಕೊಂಡು ಸೂತಕ ಬಂತು, ಸೂತಕ ಕಳೆಯುವಷ್ಟರಲ್ಲಿ ಸ್ಕೂಲು ಶುರುವಾಯಿತು, ಆಮೇಲೆ ಯಾರಿಗೂ ನೆನಪಾಗಲಿಲ್ಲ. ಮರಿಯಮ್ಮನಿಗೆ ಹೋದ ವಾರ ನೆನಪಾಯಿತು. ‘ಅಕ್ಕಿ ಮೇಲೆ ಬರೆಸ್ದೆ ನೇರವಾಗಿ ಸ್ಲೇಟು ಕೊಟ್ರೆ ಅಕ್ಷರ ಎಲ್ಲವ್ವ ನಿಲ್ತವೆ?’ ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ತೀರ್ಪು ಕೊಟ್ಟರು. ಶ್ವೇತ ಅತ್ತೆಯ ಎದುರಿಗೆ ನಕ್ಕಳು. ಒಳಗೆ ಮಾತ್ರ, ನಿಜ ಹೇಳಬೇಕೆಂದರೆ, ಹಾಯೆನಿಸಿತು. ತಪ್ಪು ಅಕ್ಕಿಯದಾದರೆ ತನ್ನದಲ್ಲವಲ್ಲ.

ಚೈತನ್ಯ ಆಟೋದ ಅಂಚಿಗೆ ಕೂತು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಇವತ್ತಿನ ಒಪ್ಪಂದ ಮಾಡಿಸಿದವಳು ಅವಳೇ. ಅಜ್ಜಿಗೆ ಅಕ್ಷರಾಭ್ಯಾಸ ಬೇಕಿತ್ತು, ಅಮ್ಮನಿಗೆ ಜೆ.ಪಿ. ನಗರದ ಸೆಂಟರಿನಲ್ಲಿ ಟೆಸ್ಟು ಬೇಕಿತ್ತು, ಅಪ್ಪ ಶಶಿಧರನಿಗೆ ಎರಡೂ ಬೇಡವಾಗಿತ್ತು. ಪೇಂಟ್ ಅಂಗಡಿಯ ಶಟರು ಎತ್ತುತ್ತ, ‘ಹತ್ನೇ ಕ್ಲಾಸ್ ಮುಗೀಲಿ, ಆಮೇಲ್ ನೋಡೋಣ’ ಎಂದಿದ್ದ. ತೇವ ಹಿಡಿದ ಗೋಡೆಗೂ ಅವನು ಗಿರಾಕಿಗಳಿಗೆ ಹೇಳುತ್ತಿದ್ದುದು ಇದನ್ನೇ, ಮಳೆಗಾಲ ಮುಗೀಲಿ. ‘ಮೊದ್ಲು ಅಜ್ಜಿ ದೇವ್ರು, ಆಮೇಲೆ ನಿನ್ ಡಾಕ್ಟ್ರು’ ಎಂದು ಚೈತನ್ಯ ಇಬ್ಬರಿಗೂ ಸೇರಿ ಒಂದೇ ಶನಿವಾರ ಹಂಚಿದ್ದಳು. ‘ಡಾಕ್ಟ್ರಲ್ಲ ಕಣೇ, ಅಸೆಸ್‌ಮೆಂಟು’ ಎಂದು ಶ್ವೇತ ತಿದ್ದಿದಳು. ತಿದ್ದುವುದು ಅವಳಿಗೆ ಉಸಿರಾಟ. ಈಗಲೂ ಆಟೋ ಚಾಲಕ ಕತ್ರಿಗುಪ್ಪೆ ಸಿಗ್ನಲ್ಲಿನಲ್ಲಿ ಎಡಕ್ಕೆ ಹಾಕಬೇಕಾದವನು ನೇರ ಹೋದಾಗ ಅವಳ ಗಂಟಲು ತಾನಾಗಿ ಕೆಮ್ಮಿತು.

ಆ ಗಂಟಲೇ ಅವಳ ಆಸ್ತಿ. ಸಂಜೆ ಐದಕ್ಕೆ ಅವಳು ಹಾಲಿನಲ್ಲಿ ಪಾಠ ಓದಲು ಕೂತರೆ ಮೇಲಿನ ಎರಡು ಮಹಡಿಯ ಬಾಡಿಗೆಯವರಿಗೂ ಟಿಪ್ಪು ಸುಲ್ತಾನನ ಯುದ್ಧಗಳು ಬಾಯಿಗೆ ಬರುತ್ತಿದ್ದವು. ಓದುವುದು, ಹೇಳಿಸುವುದು, ಸರಿಯಾಗಿ ಹೇಳಿದರೆ ‘ಇನ್ನೊಂದ್ಸಲ ಹೇಳು’ ಎನ್ನುವುದು. ಇಷ್ಟೇ ಶ್ವೇತಾ ಮಿಸ್ಸಿನ ಟ್ಯೂಷನ್. ಒಮ್ಮೆ ಸರಿ ಹೇಳಿದ್ದು ಆಕಸ್ಮಿಕ, ಎರಡನೆಯ ಸಲ ಸರಿ ಹೇಳಿದರೆ ವಿದ್ಯೆ, ಎಂದು ಅವಳ ಸಿದ್ಧಾಂತ. ಟ್ಯೂಷನ್ ಮಕ್ಕಳು ಹೊರಟ ಮೇಲೆ ಮಗಳ ಸರದಿ. ಪುಟ್ಟ ಚೈತು ಊಟಕ್ಕೆ ರಚ್ಚೆ ಹಿಡಿಯುತ್ತಿದ್ದಳೆಂದು ಒಂದು ಕೈಯಲ್ಲಿ ತುತ್ತು, ಇನ್ನೊಂದು ಕೈಯಲ್ಲಿ ಪುಸ್ತಕ. ಒಂದು ವಾಕ್ಯ, ಒಂದು ತುತ್ತು. ಮಗು ಅನ್ನದ ಜೊತೆ ಪಾಠ ನುಂಗುತ್ತಿತ್ತು, ಮಾರನೆಯ ದಿನ ಒಂದು ಪದವೂ ಬಿಡದೆ ಒಪ್ಪಿಸುತ್ತಿತ್ತು, ಅಮ್ಮ ಎಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅಲ್ಲೇ ಉಸಿರು ತೆಗೆದುಕೊಂಡು. ಎಷ್ಟು ಜಾಣೆ ಎಂದು ಬೀದಿಯೆಲ್ಲ ಹೇಳಿಕೊಂಡಿದ್ದಳು ಶ್ವೇತ. ತುತ್ತು ನಿಂತಿತು, ಓದಿ ಹೇಳುವುದು ನಿಲ್ಲಲಿಲ್ಲ. ಏಳನೇ ಕ್ಲಾಸಿನಲ್ಲೂ, ಒಂಬತ್ತರಲ್ಲೂ ಮಗಳು ಕಾಲು ಚಾಚಿ ಸೋಫಾದಲ್ಲಿ ಬಿದ್ದುಕೊಂಡು ‘ಓದಮ್ಮ’ ಎನ್ನುತ್ತಿದ್ದಳು, ಇವಳು ಓದುತ್ತಿದ್ದಳು. ಅಕ್ಷರ ಕೋಳಿ ಕೆದರಿದ ಹಾಗೆ ಎಂದು ಸ್ಕೂಲಿನವರು ಪ್ರತಿ ವರ್ಷ ಹೇಳುತ್ತಿದ್ದರು. ಬರೆಯುವಾಗ ಉತ್ತರ ಅರ್ಧಕ್ಕೇ ನಿಲ್ಲಿಸುತ್ತಾಳೆ, ಬೋರ್ಡು ನೋಡಿ ಬರೆದುಕೊಳ್ಳುವುದಿಲ್ಲ, ಕಿಟಕಿಯಾಚೆ ನೋಡುತ್ತಾಳೆ. ಆದರೂ ಹೇಗೋ ಅರವತ್ತು ಬರುತ್ತಿತ್ತು. ಅರವತ್ತು ಬರುವ ಮಗುವಿನ ಕಡೆ ತಿರುಗಿ ನೋಡಲು ಯಾವ ಸ್ಕೂಲಿಗೆ ಪುರಸೊತ್ತಿದೆ? ಮನೆಯಲ್ಲಂತೂ ದೀಪವೇ ಶ್ವೇತಾ ಮಿಸ್ಸು. ದೀಪದ ಬುಡದಲ್ಲಿ ಏನಿರುತ್ತದೆಂದು ಎಲ್ಲರಿಗೂ ಗೊತ್ತು.

ಆಮೇಲೆ ದಸರಾ ರಜೆ ಮುಗಿಯುವಾಗ ಅವಳ ಗಂಟಲು ಕಟ್ಟಿತು. ಶೀತವೆಂದು ಶುರುವಾದದ್ದು ಧ್ವನಿಯನ್ನೇ ಕಿತ್ತುಕೊಂಡು ಹೋಯಿತು. ಮಾತಾಡಕೂಡದು ಎಂದು ಡಾಕ್ಟರು ತಾಕೀತು ಮಾಡಿದರು. ಮನೆಯಲ್ಲಿ ಹಬ್ಬದ ವಾತಾವರಣ. ಶಶಿಧರ ಬೀದಿಯ ಮೈಕು ನಿಂತವನ ಹಾಗೆ ನೆಮ್ಮದಿಯಿಂದ ಓಡಾಡಿದ. ಟ್ಯೂಷನ್ ಮಕ್ಕಳು ತಾವೇ ಓದಿಕೊಂಡರು, ಅವರಿಗೆ ಏನೂ ಕಡಿಮೆಯಾಗಲಿಲ್ಲ, ಅದೇ ಒಂದು ಸಣ್ಣ ಅವಮಾನ. ಕಡಿಮೆಯಾದದ್ದು ಚೈತನ್ಯಳಿಗೆ. ಪರೀಕ್ಷೆಯಲ್ಲಿ ಸಮಾಜ ವಿಜ್ಞಾನಕ್ಕೆ ಒಂಬತ್ತು, ಕನ್ನಡಕ್ಕೆ ಹನ್ನೊಂದು. ಸ್ಕೂಲಿನವರು ಶ್ವೇತಳನ್ನು ಕರೆಸಿದರು. ಧ್ವನಿ ಇನ್ನೂ ಪೂರ್ತಿ ಬಂದಿರಲಿಲ್ಲ. ಕ್ಲಾಸ್ ಟೀಚರ್ ಉತ್ತರಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿ, ‘ನೀವೇ ಟ್ಯೂಷನ್ ಮಾಡ್ತೀರಂತೆ ಮೇಡಂ, ನಿಮ್ ಮಗಳೇ ಹಿಂಗಾದ್ರೆ?’ ಎಂದರು. ಸುತ್ತ ನಾಲ್ಕೈದು ತಾಯಂದಿರು, ಅದರಲ್ಲಿ ಇಬ್ಬರ ಮಕ್ಕಳು ಇವಳ ಟ್ಯೂಷನ್ನಿನವರೇ. ಮಗಳು ಪಕ್ಕದಲ್ಲಿ ನಿಂತಿದ್ದಳು. ಶ್ವೇತಳ ಹರಕು ಗಂಟಲಿನಿಂದ ಆವತ್ತು ಸರಾಗವಾಗಿ ಬಂದ ಒಂದೇ ಮಾತೆಂದರೆ, ‘ಹೌದು ಮೇಡಂ, ಸೋಮಾರಿ. ಎಷ್ಟ್ ಹೇಳಿದ್ರೂ ಅಷ್ಟೆ. ಸೋಮಾರಿ.’ ಎರಡು ಸಲ. ಎರಡನೆಯ ಸಲ ಹೇಳಿದರೆ ವಿದ್ಯೆ.

ಚೈತನ್ಯ ಅತ್ತಿದ್ದರೆ ವಾಸಿಯಿತ್ತು. ಅವಳು ಅದನ್ನು ಬಾಯಿಪಾಠ ಮಾಡಿಕೊಂಡಳು. ಹಾಲು ಉಕ್ಕಿದಾಗ, ಮಿಕ್ಸಿ ಕೆಟ್ಟಾಗ, ಅಪ್ಪ ಭಾನುವಾರ ತಡವಾಗಿ ಎದ್ದಾಗ, ಅಮ್ಮನದೇ ಒಡಕು ಗಂಟಲಿನಲ್ಲಿ, ಅಮ್ಮನದೇ ನಿಲುಗಡೆಯೊಂದಿಗೆ, ‘ಹೌದು ಮೇಡಂ, ಸೋಮಾರಿ. ಎಷ್ಟ್ ಹೇಳಿದ್ರೂ ಅಷ್ಟೆ. ಸೋಮಾರಿ’ ಎನ್ನುತ್ತಿದ್ದಳು. ಶಶಿಧರ ಬಿದ್ದು ಬಿದ್ದು ನಗುತ್ತಿದ್ದ, ಅವನಿಗೆ ಮೂಲ ಗೊತ್ತಿರಲಿಲ್ಲ. ಒಂದು ದಿನ ಫೋನಿನಲ್ಲಿ ಯಾರೋ ಹುಡುಗಿಯ ವಿಡಿಯೊ ತಂದು ತೋರಿಸಿದಳು. ಸಾಲುಗಳು ಜಾರುತ್ತವೆ, ಓದುವಷ್ಟರಲ್ಲಿ ಮೊದಲಿನದು ಮರೆಯುತ್ತದೆ ಎಂದೆಲ್ಲ ಆ ಹುಡುಗಿ ನಗುನಗುತ್ತ ಹೇಳುತ್ತಿದ್ದಳು. ‘ಅಮ್ಮ, ಇದು ನಾನೇ.’ ‘ರೀಲ್ಸ್ ನೋಡಿ ಕಾಯಿಲೆ ಕಂಡ್ಹಿಡೀಬೇಡ’ ಎಂದು ಶ್ವೇತ ತಳ್ಳಿಹಾಕಿದಳು. ಅದಾದ ಮೇಲೆ ಒಂದು ಮಧ್ಯಾಹ್ನ ಬಟ್ಟೆ ಮಡಚಿಕೊಂಡು ಹೋಗುವಾಗ ರೂಮಿನ ಬಾಗಿಲ ಸಂದಿಯಲ್ಲಿ ಕಂಡಿತು. ಮಗಳು ಒಬ್ಬಳೇ ಕೂತು ಕನ್ನಡ ಪುಸ್ತಕದ ಮೇಲೆ ಬೆರಳಿಟ್ಟುಕೊಂಡು ಓದಲು ನೋಡುತ್ತಿದ್ದಳು. ಒಂದು ಪದ, ಮತ್ತೆ ಅದೇ ಪದ, ಮತ್ತೆ ಸಾಲಿನ ಮೊದಲಿಗೆ. ಫ್ಯಾನಿನ ಕೆಳಗೇ ಮೇಲ್ತುಟಿಯ ಮೇಲೆ ಬೆವರು. ಸ್ನಾನದ ಮನೆಯ ಬಾಗಿಲು ತಿಳಿಯದೆ ತಳ್ಳಿದವಳ ಹಾಗೆ ಶ್ವೇತ ಹಿಂದೆ ಸರಿದುಬಿಟ್ಟಳು. ಅವತ್ತು ಸಾಯಂಕಾಲವೇ ಓದಿನ ತೊಡಕು ಪರೀಕ್ಷಿಸುವ ಜೆ.ಪಿ. ನಗರದ ಸೆಂಟರಿಗೆ ಫೋನು ಮಾಡಿದ್ದು. ರಿಪೋರ್ಟು ಸಿಕ್ಕರೆ ಬೋರ್ಡಿನ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ ಕೇಳಬಹುದಂತೆ. ಅದು ಸರಿ, ಅದಕ್ಕಿಂತ ಮೊದಲು ಮಗಳು ಒಳಗೆ ಕಾಲಿಡಬೇಕಲ್ಲ.

‘ಇಳಿರಮ್ಮ, ಗುಡ್ಡ ಬಂತು’ ಎಂದ ಆಟೋದವನು.

ದೇವಸ್ಥಾನದಲ್ಲಿ ಅವತ್ತು ಮುಹೂರ್ತ ಚೆನ್ನಾಗಿತ್ತೆಂದು ಕಾಣುತ್ತದೆ, ಅಂಗಳದ ತುಂಬ ಮೂರು ವರ್ಷದವರು. ಕೆಲವರಿಗೆ ಜರಿ ಪಂಚೆ, ಕೆಲವರ ಬಾಯಲ್ಲಿ ಬಿಸ್ಕತ್ತು, ಒಬ್ಬ ಮಹಾನುಭಾವ ಅಕ್ಕಿಯ ತಟ್ಟೆಯಲ್ಲೇ ಕೂರಲು ಹಟ ಮಾಡುತ್ತಿದ್ದ. ಸಾಲಿನಲ್ಲಿ ಜೀನ್ಸ್ ಪ್ಯಾಂಟಿನ ಚೈತನ್ಯ ತೆಂಗಿನಮರ. ಅರ್ಚಕರು ತಲೆಯೆತ್ತದೆ ಮಾಮೂಲಿನಂತೆ, ‘ಮಗೂನ ತೊಡೆ ಮೇಲೆ ಕೂರಿಸ್ಕೊಳಿ’ ಎಂದವರು, ತಲೆಯೆತ್ತಿ, ‘ಮಗು ಎಲ್ಲಮ್ಮ?’ ಎಂದರು. ‘ನಾನೇ ಸ್ವಾಮಿ’ ಎಂದಳು ಚೈತನ್ಯ. ಎಂದವಳೇ ಅಜ್ಜಿಯ ತೊಡೆಯ ಮೇಲೆ ಕೂರುವ ಹಾಗೆ ಮಾಡಿದಳು. ‘ಅಯ್ಯೋ ಕೋಣ, ಮೂಳೆ ಮುರೀತೀಯ’ ಎಂದು ಮರಿಯಮ್ಮ ಬೆನ್ನಿಗೆ ಗುದ್ದಿದರು. ಸುತ್ತಲಿನವರೆಲ್ಲ ನಕ್ಕರು, ಅರ್ಚಕರೂ ನಕ್ಕರು. ನಗಲಾಗದವಳು ಶ್ವೇತ ಒಬ್ಬಳೇ. ಅವಳು ಕಂಬದ ಮರೆಗೆ ಸರಿಯುವುದಕ್ಕೂ ಹಿಂದಿನಿಂದ ‘ಶ್ವೇತಾ ಮಿಸ್!’ ಎಂಬ ಕೂಗು ಬರುವುದಕ್ಕೂ ಸರಿಹೋಯಿತು. ಟ್ಯೂಷನ್ನಿಗೆ ಬರುವ ಮನೋಜನ ತಾಯಿ, ಸೊಂಟದಲ್ಲಿ ಮನೋಜನ ತಂಗಿ. ‘ಯಾರಿಗೆ ಮಿಸ್ ಅಕ್ಷರಾಭ್ಯಾಸ?’ ಅವಳ ಕಣ್ಣು ತಟ್ಟೆಯ ಮುಂದೆ ಚಕ್ಕಳಮಕ್ಕಳ ಹಾಕಿ ಕೂತ ಚೈತನ್ಯಳ ಮೇಲೆ ಇಳಿಯುತ್ತಿತ್ತು. ‘ಏನಿಲ್ಲ, ನಮ್ಮತ್ತೇದು ಹರಕೆ’ ಎಂದಳು ಶ್ವೇತ, ‘ಹಳೇ ಕಾಲದವ್ರು, ಬೇಡ ಅನ್ನಕ್ಕಾಗತ್ತಾ? ಇವ್ಳಿಗೇನು, ಫಸ್ಟ್ ಕ್ಲಾಸಾಗಿ ಓದ್ತಾಳೆ.’ ತಟ್ಟೆಯ ಮುಂದೆ ಒಂದು ತಲೆ ಚೂರೇ ಇತ್ತ ತಿರುಗಿ ಮತ್ತೆ ಅತ್ತ ತಿರುಗಿತು. ಅರ್ಚಕರು ಅರಿಶಿನದ ಕೊಂಬು ಕೊಟ್ಟು, ‘ತಾಯಿ ಬಂದು ಬೆರಳು ಹಿಡೀಬೇಕು’ ಎಂದರು. ಶ್ವೇತ ಬಂದು ಕೂತು ಕೈ ಚಾಚಿದಳು. ‘ಬೇಡ, ಅಜ್ಜಿ ಹಿಡೀಲಿ’ ಎಂದಳು ಮಗಳು, ಮೆತ್ತಗೆ. ಅಕ್ಷರ ಗೊತ್ತಿಲ್ಲದ ಮರಿಯಮ್ಮ ಹಿಡಿದರು. ಯಾರು ಯಾರಿಗೆ ಬರೆಸಿದರೋ ದೇವರಿಗೇ ಗೊತ್ತು, ಅಕ್ಕಿಯ ಮೇಲೆ ಅಗಲವಾಗಿ ಒಂದು ಓಂಕಾರ ಮೂಡಿತು. ಶ್ವೇತಳ ಚಾಚಿದ ಕೈ ಏನು ಮಾಡಬೇಕೆಂದು ತಿಳಿಯದೆ ಡಬ್ಬಿಯ ಮುಚ್ಚಳ ಎತ್ತಿಕೊಂಡಿತು.

ಮೆಟ್ಟಿಲಿಳಿಯುವಾಗ ಮರಿಯಮ್ಮ ಖುಷಿಯಾಗಿದ್ದರು. ಅರ್ಚಕರು ಆ ಅಕ್ಕಿಯನ್ನು ಮತ್ತೆ ಡಬ್ಬಿಗೆ ತುಂಬಿ ಕೊಟ್ಟಿದ್ದರು, ರಾತ್ರಿ ಪಾಯಸ ಮಾಡಬೇಕು, ಒಂದು ಕಾಳೂ ಚೆಲ್ಲಕೂಡದು. ಅರ್ಧ ಮೆಟ್ಟಿಲಲ್ಲಿ ಚೈತನ್ಯ ನಿಂತಳು.

‘ಹರಕೆ ಅಂತೆ’ ಎಂದಳು.

‘ಅವ್ರ್ ಮುಂದೆ ಇನ್ನೇನ್ ಹೇಳ್ಲಿ? ಕತ್ರಿಗುಪ್ಪೆಗೆಲ್ಲಾ ಟಾಂ ಟಾಂ ಮಾಡ್ತಾಳೆ.’

‘ಅಲ್ಲೂ ಹಿಂಗೇ ಹೇಳ್ತೀಯಾ? ಫಸ್ಟ್ ಕ್ಲಾಸಾಗಿ ಓದ್ತಾಳೆ ಅಂತ?’

‘ಅಲ್ಲಿ ಟೆಸ್ಟ್ ಮಾಡ್ತಾರೆ ಚೈತು, ನಾನೇನ್ ಹೇಳೋದು.’

‘ಕೇಳ್ತಾರಮ್ಮ. ಮನೇವ್ರನ್ನ ಮೊದ್ಲು ಕೇಳ್ತಾರೆ, ವಿಡಿಯೋದಲ್ಲಿತ್ತು. ಒಂದೋ ಫಸ್ಟ್ ಕ್ಲಾಸ್ ಅಂತೀಯ, ಇಲ್ಲ ಸೋಮಾರಿ ಅಂತೀಯ. ಯಾರಿದ್ರೆ ಯಾವ್ದು ಅಂತ ನಿಂಗೊಂದು ಲೆಕ್ಕ ಇದೆ. ಹಂಗ್ ಹೇಳೋದಾದ್ರೆ ನಾನ್ ಬರಲ್ಲ, ನೀನೇ ಟೆಸ್ಟ್ ಬರ್ಕೊಂಡ್ ಬಾ.’ ಸಿಟ್ಟಿನಿಂದ ಹೇಳಲಿಲ್ಲ. ಬಸ್ ನಂಬರ್ ಹೇಳುವ ಹಾಗೆ ಹೇಳಿ, ಅಜ್ಜಿಯ ಕೈ ಹಿಡಿದುಕೊಂಡು ಇಳಿದಳು.

ಮತ್ತೆ ಆಟೋ, ಮತ್ತೆ ತೊಡೆಯ ಮೇಲೆ ಡಬ್ಬಿ. ಚೈತನ್ಯ ಹತ್ತಿದ್ದಳು, ಅಷ್ಟರಮಟ್ಟಿಗೆ ಪರವಾಗಿಲ್ಲ. ಆದರೆ ಹತ್ತಿದ್ದು ಮನೆಗೋ ಜೆ.ಪಿ. ನಗರಕ್ಕೋ ಎಂದು ಕೇಳುವ ಧೈರ್ಯ ಶ್ವೇತಳಿಗಾಗಲಿಲ್ಲ. ಬನಶಂಕರಿ ದಾಟುವಾಗ ಟ್ರಾಫಿಕ್ಕಿನಲ್ಲಿ ನಿಂತಾಗ ತನಗೆ ಏನು ಭಯ ಎಂದು ಯೋಚಿಸಿದಳು. ಮಗಳಿಗೆ ಡಿಸ್‌ಲೆಕ್ಸಿಯಾ ಎಂದು ಹೇಳಿಬಿಟ್ಟರೆ ಎಂದೇ? ಅಲ್ಲ, ಹೇಳದಿದ್ದರೆ ಎಂದು. ಇಲ್ಲ ಎಂದುಬಿಟ್ಟರೆ ಸೋಮಾರಿ ಎಂದದ್ದು ನಿಜವಾಗುತ್ತದೆ, ಹೌದು ಎಂದರೆ ಹಾಗೆಂದವಳು ಪಾಪಿಯಾಗುತ್ತಾಳೆ. ಎರಡರಲ್ಲಿ ಪಾಪಿಯಾಗುವುದೇ ವಾಸಿ ಎಂದು ಒಂದು ಗಳಿಗೆ ಅನಿಸಿ, ಅಷ್ಟು ಸುಲಭವಾಗಿ ಅನಿಸಿತಲ್ಲ ಎಂದು ತನ್ನ ಬಗ್ಗೆ ಸ್ವಲ್ಪ ಒಳ್ಳೆಯ ಅಭಿಪ್ರಾಯ ಬಂತು. ಮರುಗಳಿಗೆ ಮನೋಜನ ತಾಯಿಯ ಮುಖ ನೆನಪಾಗಿ ಆ ಅಭಿಪ್ರಾಯ ಇಳಿದುಹೋಯಿತು. ಯಾರಿದ್ದರೆ ಯಾವುದು ಎಂದು ಲೆಕ್ಕ. ಸರಿಯಾಗೇ ಹಿಡಿದಿದ್ದಳು ಹುಡುಗಿ. ಓದಲು ಬಾರದವಳು ಅಮ್ಮನನ್ನು ಮಾತ್ರ ಅಕ್ಷರ ತಪ್ಪದೆ ಓದಿದ್ದಳು. ಪಕ್ಕದಲ್ಲಿ ಬಿಎಂಟಿಸಿ ಬಸ್ಸು ಹೊಗೆ ಬಿಟ್ಟಿತು. ಮರಿಯಮ್ಮ ಸೆರಗು ಮೂಗಿಗೆ ಹಿಡಿದು, ಇಲ್ಲೆಲ್ಲ ನಮ್ಮ ಅಪ್ಪನ ಮನೆಯವರ ರಾಗಿ ಹೊಲ ಇತ್ತು ಎಂದು ಆಟೋದವನಿಗೆ ಹೇಳಿದರು. ಅವನು ನಂಬಲಿಲ್ಲ.

ಸೆಂಟರು ಒಂದು ಮನೆಯ ಮೊದಲ ಮಹಡಿ. ಗೋಡೆಗೆ ಹಳದಿ ಬಣ್ಣ. ಶಶಿಧರನಾಗಿದ್ದರೆ ಎರಡನೇ ಕೋಟು ಹೊಡೆದಿಲ್ಲ ಎನ್ನುತ್ತಿದ್ದ. ಚೈತನ್ಯ ಮೆಟ್ಟಿಲು ಹತ್ತಿ ಬಂದಳು, ಬಾಗಿಲ ಹೊರಗೇ ಗೋಡೆಗೊರಗಿ ನಿಂತಳು. ಒಳಗಿದ್ದ ಹೆಂಗಸಿಗೆ ಶ್ವೇತಳದೇ ವಯಸ್ಸು. ರಾಜಶ್ರೀ ಎಂದು ಮೇಜಿನ ಮೇಲೆ ಹೆಸರು, ಬಾಗಲಕೋಟೆಯ ಕಡೆಯ ಮಾತು. ‘ಬರ್ರಿ, ಕೂಡ್ರಿ. ಟೆಸ್ಟ್ ಆಮ್ಯಾಲ ಮಾಡೂಣು. ಮದಲ ನಿಮ್ಮ ಹುಡುಗಿ ಬಗ್ಗೆ ನೀವ ಹೇಳ್ರಿ.’ ಬಾಗಿಲ ಕಡೆ ನೋಡಿ, ‘ಆಕಿ ಅಲ್ಲೇ ನಿಂದ್ರಲಿ ಬಿಡ್ರಿ, ಕೇಳಸ್ತದ’ ಎಂದಳು.

ಶ್ವೇತ ಕೂತಳು. ಡಬ್ಬಿ ಎಲ್ಲಿಡುವುದೆಂದು ತಿಳಿಯದೆ ತೊಡೆಯ ಮೇಲೇ ಇಟ್ಟುಕೊಂಡಳು. ದಾರಿಯುದ್ದಕ್ಕೂ ಒಂದು ಭಾಷಣ ಸಿದ್ಧಮಾಡಿಕೊಂಡಿದ್ದಳು, ಬಿ.ಎಡ್.ನಲ್ಲಿ ಓದಿದ ಕಲಿಕಾ ನ್ಯೂನತೆಯ ಅಧ್ಯಾಯದಿಂದ ಶುರುವಾಗುವಂಥದ್ದು. ಬಾಗಿಲ ಹೊರಗೆ ಜೀನ್ಸಿನ ಒಂದು ಮಂಡಿ ಮಾತ್ರ ಕಾಣುತ್ತಿತ್ತು. ಆ ಮಂಡಿ ಅಲ್ಲಾಡುತ್ತಿರಲಿಲ್ಲ.

‘ನಮ್ ಚೈತನ್ಯ ಸೋಮಾರಿ ಅಲ್ಲ ಮೇಡಂ’ ಎಂದಳು. ‘ಸೋಮಾರಿ ಅಂತ ಸ್ಕೂಲಲ್ಲಿ ನಾನೇ ಹೇಳ್ಬಿಟ್ಟೆ. ಅವ್ಳ ಮುಂದೇನೇ ಹೇಳ್ದೆ. ನನ್ ಮರ್ಯಾದೆ ಉಳ್ಸ್ಕೊಳಕ್ಕೆ ಹೇಳ್ದೆ. ಇವ್ಳಿಗೆ ಓದಕ್ಕೆ ಬರ್ತಿಲ್ಲ ಅಂತ ಗೊತ್ತೇ ಆಗ್ಲಿಲ್ಲ, ಎಲ್ಲಾ ನಾನೇ ಓದಿ ಹೇಳ್ತಿದ್ದೆ. ಒಬ್ಳೇ ಕೂತ್ಕೊಂಡು ನಾಲ್ಕ್ ಸಾಲು ಓದಕ್ಕೆ ಎಷ್ಟ್ ಒದ್ದಾಡ್ತಾಳೆ ಅಂತ ಬಾಗ್ಲ ಸಂದೀಲಿ ನೋಡ್ದೆ. ನೋಡಿ ಒಳಗ್ ಹೋಗ್ಲಿಲ್ಲ. ಬೆವರ್ತಿದ್ಲು ಮೇಡಂ.’ ಇಲ್ಲಿ ಗಂಟಲು ಕೈಕೊಟ್ಟಿತು. ‘ಇಷ್ಟ್ ಕಷ್ಟಪಡೋ ಮಗು ನನ್ ಟ್ಯೂಷನ್ನಲ್ಲಿ ಇನ್ನೊಂದಿಲ್ಲ.’ ಕಣ್ಣು, ಮೂಗು ಎರಡೂ ಒಟ್ಟಿಗೆ ಸುರಿಯತೊಡಗಿದವು.

‘ಮೂಗ್ ಒರ್ಸ್ಕಳವ್ವ’ ಎಂದರು ಹಿಂದಿನಿಂದ ಮರಿಯಮ್ಮ, ‘ಅಕ್ಕಿ ಮೇಲೆ ಬೀಳ್ತದೆ.’

ರಾಜಶ್ರೀ ಕಾಗದದ ಕರವಸ್ತ್ರ ಮುಂದೆ ತಳ್ಳಿದಳು. ಶ್ವೇತ ಒರೆಸಿಕೊಂಡು ನೋಡುವಷ್ಟರಲ್ಲಿ ಬಾಗಿಲಲ್ಲಿ ಮಂಡಿಯ ಜಾಗದಲ್ಲಿ ಪೂರ್ತಿ ಚೈತನ್ಯ ನಿಂತಿದ್ದಳು. ‘ಎಲ್ಲಿ ಕೂತ್ಕೋಬೇಕು ಆಂಟಿ?’ ಎಂದು ಕೇಳಿದಳು.

ಹೊರಗೆ ಬೆಂಚಿನ ಮೇಲೆ ಅತ್ತೆ ಸೊಸೆ ಕಾದರು. ಮುಚ್ಚಿದ ಬಾಗಿಲಾಚೆ ಮಗಳು ಏನೋ ಗಟ್ಟಿಯಾಗಿ ಓದುತ್ತಿದ್ದಳು. ತಡೆದು, ನಿಂತು, ಹಿಂದೆ ಹೋಗಿ, ಮತ್ತೆ ತಡೆದು. ಪದ ಎತ್ತಿಕೊಡಲು ಶ್ವೇತಳ ತುಟಿ ಹತ್ತಾರು ಸಲ ಮುಂದೆ ಬಂತು. ಮರಿಯಮ್ಮ ನೋಡಿ ನೋಡಿ, ತಾಂಬೂಲದ ಚೀಲದಿಂದ ಒಂದು ಚೂರು ಅಡಿಕೆ ತೆಗೆದು ಸೊಸೆಯ ಬಾಯಿಗೆ ಹಾಕಿದರು. ‘ಅಗೀತಾ ಕೂತ್ಕೋ’ ಎಂದರು. ಶ್ವೇತ ಅಗಿದಳು. ಬಾಗಿಲಾಚೆಯ ಓದು ನಿಲ್ಲಲಿಲ್ಲ, ಬೇಗವೂ ಆಗಲಿಲ್ಲ, ಅದರ ಪಾಡಿಗೆ ಅದು ನಡೆಯಿತು. ಮುಗಿದ ಮೇಲೆ ರಾಜಶ್ರೀ ಬಂದು, ರಿಪೋರ್ಟ್ ಮುಂದಿನ ವಾರ ಕೊಡುತ್ತೇನೆ, ಅದಕ್ಕೆ ಮೊದಲು ಹೌದು ಅಲ್ಲ ಎಂದು ಹೇಳುವುದು ತಪ್ಪು ಎಂದಳು. ಶ್ವೇತಳಿಗೆ ಆಶ್ಚರ್ಯವಾಗುವಂತೆ, ಹೌದೋ ಅಲ್ಲವೋ ಎಂದು ಕೇಳಬೇಕೆಂದೂ ಅವಳಿಗೆ ಅನಿಸಲಿಲ್ಲ. ಹೊಟ್ಟೆ ಮಾತ್ರ ಚುರುಗುಟ್ಟುತ್ತಿತ್ತು. ದೇವಸ್ಥಾನಕ್ಕೆಂದು ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಬೀದಿಯ ಕೊನೆಯ ದರ್ಶಿನಿಯಲ್ಲಿ ನಿಂತು ತಿನ್ನುವ ಮೇಜು. ಮರಿಯಮ್ಮ ಕಾಫಿಯನ್ನು ಆರಿಸುತ್ತ ನಿಂತರು. ಡಬ್ಬಿ ಮೇಜಿನ ನಡುವೆ, ಅದರ ಸುತ್ತ ಮೂರು ಪ್ಲೇಟು ಖಾಲಿ ದೋಸೆ. ಶ್ವೇತ ದೊಡ್ಡ ತುಂಡು ಮುರಿದು ಸಾಗುವಿನಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ಚೈತನ್ಯ ಚಟ್ನಿ ಮುಗಿಸಿ, ಬೆರಳು ನೆಕ್ಕಿ, ಗಂಟಲು ಸರಿಮಾಡಿಕೊಂಡಳು.

‘ನಮ್ ಚೈತನ್ಯ ಸೋಮಾರಿ ಅಲ್ಲ ಮೇಡಂ’ ಎಂದಳು.

ಅಮ್ಮನದೇ ಗಂಟಲು. ಶ್ವೇತಳ ದವಡೆ ನಿಂತಿತು.

‘ಸೋಮಾರಿ ಅಂತ ಸ್ಕೂಲಲ್ಲಿ ನಾನೇ ಹೇಳ್ಬಿಟ್ಟೆ. ಅವ್ಳ ಮುಂದೇನೇ ಹೇಳ್ದೆ. ನನ್ ಮರ್ಯಾದೆ ಉಳ್ಸ್ಕೊಳಕ್ಕೆ ಹೇಳ್ದೆ.’ ಒಂದು ಪದ ಬಿಡಲಿಲ್ಲ. ಓದಿ ಹೇಳುತ್ತಿದ್ದೆ ಎಂಬುದು, ಬಾಗಿಲ ಸಂದಿ, ಒಳಗೆ ಹೋಗಲಿಲ್ಲ ಎಂಬುದು, ಬೆವರು. ಶ್ವೇತ ಎಲ್ಲಿ ಉಸಿರು ತೆಗೆದುಕೊಂಡಿದ್ದಳೋ ಅಲ್ಲಿ ಉಸಿರು. ಗಂಟಲು ಒಡೆದ ಜಾಗದಲ್ಲಿ ಒಡೆಯಿತು, ಅದು ಅನುಕರಣೆಯೋ ನಿಜವೋ ಗೊತ್ತಾಗಲಿಲ್ಲ. ‘ಇಷ್ಟ್ ಕಷ್ಟಪಡೋ ಮಗು ನನ್ ಟ್ಯೂಷನ್ನಲ್ಲಿ ಇನ್ನೊಂದಿಲ್ಲ.’ ಆಮೇಲೆ ಧ್ವನಿ ಬದಲಿಸಿ, ಬೆನ್ನು ಬಗ್ಗಿಸಿ, ‘ಮೂಗ್ ಒರ್ಸ್ಕಳವ್ವ, ಅಕ್ಕಿ ಮೇಲೆ ಬೀಳ್ತದೆ.’

ಮರಿಯಮ್ಮ ಕಾಫಿ ತುಳುಕುವಷ್ಟು ನಕ್ಕರು. ಚೈತನ್ಯ ನಗಲಿಲ್ಲ. ಮೇಜಿನ ಅಂಚು ಹಿಡಿದುಕೊಂಡು ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಪಾಠ ಒಪ್ಪಿಸಿದ ಮಕ್ಕಳು ನೋಡುವ ಹಾಗೆ. ಶ್ವೇತ ಬಾಯಲ್ಲಿದ್ದ ತುತ್ತನ್ನು ಹೇಗೋ ನುಂಗಿದಳು.

‘ಇನ್ನೊಂದ್ಸಲ ಹೇಳು’ ಎಂದಳು.

‘ಯಾಕೆ, ತಪ್ಪಾಯ್ತಾ?’

‘ಇಲ್ಲ’ ಎಂದಳು ಶ್ವೇತಾ ಮಿಸ್ಸು. ‘ಇನ್ನೊಂದ್ಸಲ ಹೇಳು.’